ಮೂರು ಅಕ್ಷರದ ತಿದ್ದುಪಡಿ

ಕಾರು ಬ್ಯಾಡಗಿ ಮಾರ್ಕೆಟ್ಟಿನ ಮುಂದೆ ಇಪ್ಪತ್ತು ನಿಮಿಷದಿಂದ ನಿಂತಿತ್ತು. ಗುರುವಾರ. ಸೋಮವಾರ ಮತ್ತು ಗುರುವಾರ ಈ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ. ಮೆಣಸಿನಕಾಯಿ ಚೀಲ ಹೇರಿದ ಲಾರಿ, ಟ್ರ್ಯಾಕ್ಟರು, ಟಂಟಂಗಳು ಒಂದರ ಬೆನ್ನಿಗೆ ಒಂದು ಅಂಟಿ ನಿಂತುಬಿಡುತ್ತವೆ. ಕಾರಿನ ಗಾಜು ಏರಿಸಿದ್ದರೂ ಘಾಟು ಒಳಗೆ ಬಂದು ಕೂತಿತ್ತು. ಭುವನಾ ಕೆಮ್ಮಲಿಲ್ಲ. ಐದು ವರ್ಷದಲ್ಲಿ ಅವಳ ಗಂಟಲು ಈ ಊರಿನದಾಗಿತ್ತು. ಕಾಲು ಮಾತ್ರ ಅವಳ ಮಾತು ಕೇಳದೆ ಒಂದೇ ಸಮನೆ ಅಲ್ಲಾಡುತ್ತಿತ್ತು.

"ಕಾಲ ಅಳ್ಳಾಡಸಬ್ಯಾಡವಾ. ಮನಿಗೆ ಚೊಲೊ ಅಲ್ಲ," ಎಂದರು ಪಕ್ಕದಲ್ಲಿ ಕೂತಿದ್ದ ಅತ್ತೆ ನೀಲಗಂಗವ್ವ.

"ಮನ್ಯಾಗ ಎಲ್ಲಿ ಅದೀವ್ರಿ ಅತ್ತಿ, ಕಾರಿನ್ಯಾಗ ಅದೀವಿ."

"ಕಾರೂ ಮನೀದ ಅಲ್ಲೇನ?"

ಮುಂದೆ ಕೂತ ಡ್ರೈವರ್ ಅಯಾಜ್ ನಗು ನುಂಗಿಕೊಂಡು ಹಾರ್ನ್ ಒತ್ತಿದ. ಏಳೂ ಇಪ್ಪತ್ತು.

ವಿಮಾನ ಹುಬ್ಬಳ್ಳಿಯಿಂದ ಹನ್ನೊಂದು ನಲವತ್ತಕ್ಕೆ. ಸಂದರ್ಶನ ಹೈದರಾಬಾದಿನಲ್ಲಿ ಮಧ್ಯಾಹ್ನ ಮೂರಕ್ಕೆ. ಕೆಲಸ ಮಾತ್ರ ರಾಣೆಬೆನ್ನೂರಿನಲ್ಲಿ, ಅವಳ ತವರೂರಿನಲ್ಲಿ. ಒಂದು ಬೀಜದ ಕಂಪನಿಯ ಪರೀಕ್ಷಾ ಕೋಣೆ. ಟೊಮೆಟೊ, ಮೆಣಸಿನಕಾಯಿ ಬೀಜಗಳನ್ನು ಒದ್ದೆ ಕಾಗದದ ಮೇಲೆ ಮಲಗಿಸಿ, ನೂರಕ್ಕೆ ಎಷ್ಟು ಮೊಳೆತವು ಎಂದು ಬರೆದಿಡುವುದು. ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಎರಡು ವರ್ಷ ಅವಳು ಮಾಡಿದ್ದು ಅದನ್ನೇ. ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಹಿಂದೆ ಒಮ್ಮೆ ಇದೇ ಕಂಪನಿ ಕರೆದಾಗ ನಾದಿನಿಯ ಮಗನ ಜಾವಳ ತೆಗೆಯುವ ಶಾಸ್ತ್ರ ಅಡ್ಡ ಬಂದಿತ್ತು. 'ಇನ್ನೊಮ್ಮೆ ಕರೀತಾರ ತಗೋ' ಅಂದಿದ್ದರು ಮನೆಯಲ್ಲಿ. ಕರೆದರು ಕೂಡ, ಮೊನ್ನೆ ಸೋಮವಾರ. ಈ ಸಲ ಬರದಿದ್ದರೆ ಮತ್ತೆ ಕರೆಯುವುದಿಲ್ಲ ಎಂದು ಫೋನಿನ ಆಚೆಯ ಹೆಂಗಸು ನಯವಾಗಿಯೇ ಹೇಳಿದ್ದಳು.

ರಾತ್ರಿ ಬಸ್ಸಿಗೆ ಹೋಗುತ್ತೇನೆ ಎಂದವಳಿಗೆ ಗಂಡ ರುದ್ರಮುನಿ, "ರಾತ್ರಿಯೆಲ್ಲಾ ನಿದ್ದಿಗೆಟ್ಟು ಹೋಗಿ ಅವರ ಮುಂದ ಏನ ಮಾತಾಡ್ತಿ? ಇಮಾನಕ್ಕ ಹೋಗು," ಎಂದು ತಾನೇ ಟಿಕೆಟ್ ತೆಗೆದಿದ್ದ. ಅಗ್ಗದ ದರದ ವಿಮಾನ. ದರ ಅಗ್ಗವಾಗಿತ್ತೇ ಹೊರತು ನಿಯಮಗಳು ಅಗ್ಗವಾಗಿರಲಿಲ್ಲ. ಚೆಕ್-ಇನ್ ನೀವೇ ಮಾಡಿಕೊಳ್ಳಬೇಕು. ಬೋರ್ಡಿಂಗ್ ಪಾಸ್ ನೀವೇ ತರಬೇಕು. ತರದಿದ್ದರೆ ಕೌಂಟರಿನಲ್ಲಿ ದಂಡ. ಕೈಚೀಲ ಏಳು ಕಿಲೋ ಮೀರಬಾರದು. ಒಂದು ತಾಸು ಮೊದಲೇ ಬಾಗಿಲು ಮುಚ್ಚುತ್ತದೆ. ಇಷ್ಟೆಲ್ಲ ಸಂದೇಶಗಳು ಬಂದು ಬಿದ್ದದ್ದು ರುದ್ರಮುನಿಯ ಫೋನಿಗೆ, ಮತ್ತು ರುದ್ರಮುನಿ ಬೆಳಗಿನ ಐದಕ್ಕೇ ಎದ್ದು ತನ್ನ ದಲಾಲಿ ಅಂಗಡಿಗೆ ಬಂದಿದ್ದ ಚೀಲಗಳ ನಡುವೆ ಎಲ್ಲೋ ಮುಳುಗಿದ್ದ.

"ಟಿಕೆಟ್ ಕಳಸ್ರಿ" ಎಂದು ಅವಳು ಆರನೆಯ ಸಲ ಬರೆದಳು. ನಿನ್ನೆ ಊಟಕ್ಕೆ ಕೂತಾಗಲೂ ಕೇಳಿದ್ದಳು. "ಬೋರ್ಡಿಂಗ್ ಪಾಸ್ ಮುಂಜಾನೆ ಮಾಡಿದರಾತು ತಗೋ," ಎಂದಿದ್ದ ಅವನು, ರೊಟ್ಟಿ ಮುರಿಯುತ್ತ. ಆ ಮಾತು ಕೇಳಿದ ಅತ್ತೆ ಯಾಕೋ ಮಜ್ಜಿಗೆ ಬಡಿಸದೆ ಎದ್ದು ಹೋಗಿದ್ದರು. ಮುಂಜಾನೆ ನೋಡಿದರೆ ಇಳಕಲ್ ಸೀರೆ ಉಟ್ಟು ಕಾರಿನಲ್ಲಿ ಕೂತಿದ್ದರು: "ಹುಬ್ಬಳ್ಳಿ ತನಕ ನಾನೂ ಬರತೇನಿ." ಕಾಲಡಿ ಒಂದು ದೊಡ್ಡ ಚೀಲ. ಕಟಿರೊಟ್ಟಿ, ಶೇಂಗಾ ಚಟ್ನಿ, ಖಾರದ ಪುಡಿಯ ಡಬ್ಬಿ, ಎಲ್ಲದರ ಮೇಲೆ ಮಡಿಚಿಟ್ಟ ಒಂದು ಚಾದರ.

"ಖಾರದ ಪುಡಿ ಕೈಚೀಲದಾಗ ಬಿಡೂದಿಲ್ರಿ ಅತ್ತಿ."

"ಬ್ಯಾಡಗಿಯವರಿಗೂ ಬಿಡೂದಿಲ್ಲಂತ?"

"ಯಾರಿಗೂ ಬಿಡೂದಿಲ್ಲ. ಕಣ್ಣಾಗ ಉಗ್ಗತಾರಂತ."

"ಇಷ್ಟ ಚೊಲೊ ಪುಡಿ ಯಾರರ ಕಣ್ಣಾಗ ಹಾಕತಾರೇನ," ಎಂದು ನೀಲಗಂಗವ್ವ ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿದರು.

"ಚಾದರ ಯಾಕ್ರಿ? ಒಂದ ರಾತ್ರಿ ಗೆಳತಿ ಹಾಸ್ಟೆಲಿನ್ಯಾಗ ಇದ್ದು ನಾಳೆ ಬರತೇನಿ."

"ಅಲ್ಲಿ ಹಾಸಗಿ ಕೊಡೂದಿಲ್ಲ. ನನಗ ಗೊತ್ತೈತಿ," ಎಂದು ಅವರು ಕಿಟಕಿಯಾಚೆ ನೋಡಿದರು.

ಲಾರಿಯೊಂದು ಸರಿದು ದಾರಿಯಾಯಿತು. ಮೋಟೆಬೆನ್ನೂರಿನ ಹತ್ತಿರ ಕಾರು ಹೆದ್ದಾರಿ ಹಿಡಿಯುವ ಹೊತ್ತಿಗೆ ಫೋನು ಗುಯ್ ಎಂದಿತು. ರುದ್ರಮುನಿ ಕೊನೆಗೂ ಟಿಕೆಟ್ಟಿನ ಚಿತ್ರ ಕಳಿಸಿದ್ದ. ಭುವನಾ ಅದರ ಮೇಲಿನ ಆರು ಅಕ್ಷರಗಳನ್ನೂ ಮೆಣಸಿನಕಾಯಿ ಎಂಬ ಗಂಡನ ಮನೆಯ ಅಡ್ಡಹೆಸರನ್ನೂ ವಿಮಾನ ಕಂಪನಿಯ ಪುಟದಲ್ಲಿ ತುಂಬಿದಳು. ಒಂದು ಚಕ್ರ ಸುತ್ತಿತು, ಸುತ್ತಿತು, ನಿಂತಿತು.

ಪ್ರಯಾಣಿಕರು: ಶ್ರೀಮತಿ ಭುವನಾ ಮೆಣಸಿನಕಾಯಿ. ಕೆಳಗೆ ಕೆಂಪು ಅಕ್ಷರದಲ್ಲಿ: ಗುರುತಿನ ಚೀಟಿಯಲ್ಲಿರುವ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ತಾಳೆಯಾಗದಿದ್ದರೆ ಪ್ರವೇಶವಿಲ್ಲ.

ಅಲ್ಲಾಡುತ್ತಿದ್ದ ಕಾಲು ನಿಂತಿತು.

ಅವಳ ಪರ್ಸಿನಲ್ಲಿದ್ದ ಆಧಾರ್ ಕಾರ್ಡಿನಲ್ಲಿ ಭುವನಾ ಎಂಬವಳು ಇರಲಿಲ್ಲ. ಸುಚಿತ್ರಾ ಗುತ್ತಲ ಎಂಬವಳಿದ್ದಳು. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಎಂಎಸ್ಸಿ ಪದವಿಯವರೆಗೆ, ಸಂದರ್ಶನದ ಪತ್ರದವರೆಗೆ, ಎಲ್ಲ ಕಾಗದಗಳಲ್ಲೂ ಅವಳೇ. ಭುವನಾ ಹುಟ್ಟಿದ್ದು ಐದು ವರ್ಷದ ಹಿಂದೆ, ಬ್ಯಾಡಗಿಯ ಮನೆಯಲ್ಲಿ, ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ. ತಾಟಿನಲ್ಲಿ ಅಕ್ಕಿ ಹರವಿ, ರುದ್ರಮುನಿಯ ಕೈಗೆ ಉಂಗುರ ಕೊಟ್ಟು, ಹೆಂಡತಿಗೆ ಹೊಸ ಹೆಸರು ಬರಿ ಎಂದರು. ಅವನು ನಾಚಿಕೊಂಡೇ ಬರೆದ. ಸುತ್ತಲಿನ ಹೆಂಗಸರು ಓದಿ ನಕ್ಕರು. ಅಕ್ಕಿಯನ್ನು ಮತ್ತೆ ಡಬ್ಬಿಗೆ ಸುರಿದರು. ಹೆಸರು ಉಳಿಯಿತು.

ಇಲ್ಲಿಯತನಕ ಎಲ್ಲರ ಮನೆಯ ಕತೆಯೇ. ಅವಳೊಬ್ಬಳದೇ ಆದ ಕತೆ ಮುಂದಿನದು. ಮರುವರ್ಷ ರುದ್ರಮುನಿ ಮದುವೆ ನೋಂದಣಿಯ ಕಾಗದ ಕೊಟ್ಟು, ಹಾವೇರಿಯ ಬಸ್‌ಸ್ಟ್ಯಾಂಡ್ ಹತ್ತಿರದ ಮಲ್ಲಿಕಸಾಬನ ಅಂಗಡಿಗೆ ಹೋಗಿ ಆಧಾರ್ ಬದಲಿ ಮಾಡಿಸಿಕೊಂಡು ಬಾ ಎಂದಿದ್ದ. ಹೋಗಿದ್ದಳು. ಫಾರ್ಮು ತುಂಬಿಯೂ ಆಗಿತ್ತು. ಯಂತ್ರದ ಮೇಲೆ ಹೆಬ್ಬೆಟ್ಟು ಇಡಬೇಕು ಎನ್ನುವಾಗ ಎದ್ದು ಹೊರಗೆ ಬಂದು ಕಬ್ಬಿನ ಹಾಲು ಕುಡಿದು ಬಸ್ಸು ಹತ್ತಿದ್ದಳು. ಮನೆಯಲ್ಲಿ "ಆತು" ಅಂದಿದ್ದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯದು. ಯಾರೂ ಕೇಳಿರಲಿಲ್ಲ. ಯಾರೂ ಕಾರ್ಡ್ ತೆಗೆದು ನೋಡಲೂ ಇಲ್ಲ. ಒಂದು ಸಣ್ಣ ಸುಳ್ಳು ನಾಲ್ಕು ವರ್ಷ ಪರ್ಸಿನಲ್ಲಿ ಬೆಚ್ಚಗೆ ಮಲಗಿತ್ತು.

ರುದ್ರಮುನಿ ತಪ್ಪು ಮಾಡಿರಲಿಲ್ಲ. 'ಆಧಾರ್ ಪ್ರಕಾರ ಹೆಸರು' ಎಂದು ಕೇಳಿದಲ್ಲಿ ಆಧಾರ್ ಪ್ರಕಾರ ಎಂದು ತಾನು ನಂಬಿದ ಹೆಸರನ್ನೇ ಬರೆದಿದ್ದ.

ಅವಳು ವಿಮಾನ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ಕನ್ನಡಕ್ಕೆ ಮೂರು ಒತ್ತಿ ಎಂದಿತು. ಒತ್ತಿದಳು. ಸಂಗೀತ ಬಂತು. ಎರಡು ಊರು ದಾಟಿದವು. ಸಂಗೀತವೇ ಇತ್ತು. ಕೊನೆಗೆ ಒಬ್ಬ ಹುಡುಗನ ದನಿ, ಬೆಂಗಳೂರಿನದು, ಬಹಳ ವಿನಯದ್ದು.

"ಹೆಸರಿನಲ್ಲಿ ಮೂರು ಅಕ್ಷರದವರೆಗೆ ತಿದ್ದುಪಡಿ ಉಚಿತ, ಮೇಡಂ. ಯಾವ ಅಕ್ಷರ ಹೇಳಿ."

ಭುವನಾ ಬಾಯಿಗೆ ಸೆರಗು ಅಡ್ಡ ಹಿಡಿದು ಸಣ್ಣಗೆ ಹೇಳಿದಳು: "ಭುವನಾ ಅಂತ ಐತ್ರಿ. ಅದು ಸುಚಿತ್ರಾ ಆಗಬೇಕು."

"ಮೂರೇ ಅಕ್ಷರ ಮೇಡಂ ತಿದ್ದೋಕಾಗೋದು."

"ಮೂರ ಅಲ್ಲೇನ್ರಿ?" ಅವಳು ತೊಡೆಯ ಮೇಲೆ ಬೆರಳು ಮಡಿಚಿದಳು. "ಭು, ವ, ನಾ. ಇಲ್ಲಿ ಮೂರು. ಸು, ಚಿ, ತ್ರಾ. ಇಲ್ಲೂ ಮೂರು. ಮೂರಕ್ಕ ಮೂರು ಸರಿ ಆತು."

ಆಚೆ ತುಟಿಯೊಳಗೇ 'ಭು, ವ, ನಾ' ಎಂದದ್ದು ಕೇಳಿಸಿತು. ಹುಡುಗ ಎಣಿಸಿ ನೋಡಿದನೆಂದು ಕಾಣುತ್ತದೆ.

"ಕನ್ನಡದಲ್ಲಿ ಸರಿ ಮೇಡಂ. ನಮ್ಮ ಸಿಸ್ಟಮ್ ಇಂಗ್ಲಿಷ್ ಅಕ್ಷರ ಎಣಿಸುತ್ತೆ. ಅದೂ ಅಲ್ಲದೆ ಇದು ತಿದ್ದುಪಡಿ ಅಲ್ಲ. ಅವರು ಬೇರೆ ವ್ಯಕ್ತಿ."

"ಇಬ್ಬರೂ ನಾನ ಅದೇನಿ."

"ಇರಬಹುದು ಮೇಡಂ. ಹೊಸ ಟಿಕೆಟ್ ತಗೋಬೇಕು. ಎರಡು ಸೀಟಿದೆ ಈಗ. ಇನ್ನೇನಾದರೂ ಸಹಾಯ ಬೇಕಿತ್ತಾ?"

ಫೋನು ಇಟ್ಟಾಗ ನೀಲಗಂಗವ್ವ ಅವಳನ್ನೇ ನೋಡುತ್ತಿದ್ದರು.

"ಸುಚಿತ್ರಾ ಅಂದಿ. ಯಾರ ಅಕಿ?"

ಭುವನಾಗೆ ಮೊದಲು ಅದು ಕುಹಕ ಅನ್ನಿಸಿತು. ಅಲ್ಲ. ಮದುವೆಯ ಕರೆಯೋಲೆಯಲ್ಲಿ ದಪ್ಪ ಅಕ್ಷರದಲ್ಲಿದ್ದ ಹೆಸರನ್ನು ಅತ್ತೆ ಖರೇನೇ ಮರೆತಿದ್ದರು.

"ಹಾವೇರ್ಯಾಗ ಹೇಳ್ತೇನ್ರಿ," ಅಂದಳು. ಮತ್ತೆ ಅಯಾಜನಿಗೆ, "ಮಲ್ಲಿಕಸಾಬನ ಝೆರಾಕ್ಸ್ ಅಂಗಡಿಗೆ ಹೊರಳಸಪಾ. ಲಗೂ."

ಮಲ್ಲಿಕಸಾಬ ಆಗತಾನೇ ಶಟರ್ ಏರಿಸಿ ಯಂತ್ರಗಳ ಮೇಲಿನ ಬಟ್ಟೆ ತೆಗೆಯುತ್ತಿದ್ದ. ಐವತ್ತು ದಾಟಿದ ಮನುಷ್ಯ. ಕನ್ನಡಕ ಹಣೆಯ ಮೇಲೆ. ತಾಲ್ಲೂಕಿನ ಅರ್ಧ ಜನರ ಹೆಬ್ಬೆಟ್ಟು ಅವನ ಕೈಕೆಳಗೆ ಹಾದುಹೋಗಿತ್ತು, ಮುಖಕ್ಕಿಂತ ಹೆಚ್ಚಾಗಿ ಅವನಿಗೆ ಜನರ ಅರ್ಜಿಗಳೇ ನೆನಪು.

"ಬರ್ರಿ ಅಕ್ಕಾರ. ಕುಂದ್ರಿ ಅವ್ವಾರ," ಎಂದು ಸ್ಟೂಲು ಸರಿಸಿದ.

"ಹೈದರಾಬಾದ್ ಇಮಾನದ್ದು ಟಿಕೆಟ್ ತಗೀಬೇಕ್ರಿ ಚಾಚಾ. ಹನ್ನೊಂದು ನಲವತ್ತರದ್ದು. ನನ್ನ ಫೋನಿನ್ಯಾಗ ಈಗ ಪುಟಾನ ತಗಿಯವಲ್ದು." ಅವಳು ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟಳು.

ಅವನು ಕನ್ನಡಕ ಇಳಿಸಿ ಕಾರ್ಡ್ ನೋಡಿದ. ಆಮೇಲೆ ಅವಳನ್ನು ನೋಡಿದ. "ಮೆಣಸಿನಕಾಯಿಯವರ ಸೊಸಿ ಅಲ್ಲೇನ್ರಿ? ಇದನ್ನ ಬದಲಿ ಮಾಡಸಾಕ ಬಂದು ಹೆಬ್ಬಟ್ಟ ಕೊಡದ ಎದ್ದ ಹೋಗಿದ್ರಿ. ಆ ಫಾರ್ಮ್ ಇನ್ನೂ ಎಲ್ಲೋ ಐತಿ ನನ್ನ ಹಂತ್ಯಾಕ."

ಫ್ಯಾನು ಟಕಟಕ ಎನ್ನುತ್ತಿತ್ತು. ಹಿಂದೆ ಅತ್ತೆಯ ಬಳೆ ಸದ್ದಾಯಿತು. ಎಂಟೂ ಇಪ್ಪತ್ತು. ಭುವನಾ ತಿರುಗದೆಯೇ ಮಾತಾಡಿದಳು, ಕಂಪ್ಯೂಟರಿನ ಖಾಲಿ ಪರದೆಗೆ ಹೇಳುವವಳಂತೆ.

"ಅತ್ತಿ, ನಾ ಆಧಾರ್ ಬದಲಿ ಮಾಡಿಸಿಲ್ರಿ. ಮಾಡಸೇನಿ ಅಂತ ಸುಳ್ಳ ಹೇಳಿದ್ನಿ. ನನ್ನ ಹೆಸರು ಅದರಾಗ ಇನ್ನೂ ಸುಚಿತ್ರಾನ ಐತಿ. ನಿಮ್ಮ ಮಗ ಭುವನಾ ಅಂತ ಟಿಕೆಟ್ ತಗದಾರ. ಆ ಟಿಕೆಟ್ಟಿಗೆ ನನ್ನ ಒಳಗ ಬಿಡೂದಿಲ್ಲ."

ಮಲ್ಲಿಕಸಾಬ ಕೀಲಿಮಣೆಯ ಮೇಲೆ ಇಲ್ಲದ ಧೂಳು ಒರೆಸಿದ.

"ಅಂದ್ರ," ಎಂದರು ನೀಲಗಂಗವ್ವ ಕೊನೆಗೆ, ದನಿ ಕೆಳಗಿಳಿದಿತ್ತು, "ಆ ಬೋರ್ಡಿಂಗಿನ್ಯಾಗ ತವರಮನಿ ಹೆಸರಲೇ ಇರಾಕಿ ನೀನು."

"ಯಾವ ಬೋರ್ಡಿಂಗ್ರಿ?"

"ನನಗ ತಿಳೂದಿಲ್ಲ ಅಂತ ತಿಳದೀಯೇನ? ಬೋರ್ಡಿಂಗ್ ಪಾಸ್ ಆಗಬೇಕು, ಬೋರ್ಡಿಂಗ್ ಪಾಸ್ ಆಗಬೇಕು ಅಂತ ಗಂಡ ಹೆಂಡ್ತಿ ಎರಡ ದಿನದಿಂದ ಅದನ್ನ ಮಾತಾಡಾಕತ್ತೀರಿ. ಹಾಸ್ಟೆಲ್ ಅಂತ ನೀನ ಅಂದಿ. ನಮ್ಮ ತಮ್ಮ ಇದ ಹಾವೇರಿ ಬೋರ್ಡಿಂಗಿನ್ಯಾಗ ಅಲ್ಲೇ ಉಂಡು ಮಲಗಿ ಏಳು ವರ್ಷ ಸಾಲಿ ಕಲತ. ಹುಡುಗ ಆಗಿ ಹೋದಾಂವ ಬರೂದ್ರಾಗ ನಮ್ಮನ್ನ ಬೀಗರಂಗ ಮಾತಾಡಸ್ತಿದ್ದ. ಮನಿ ಬಿಟ್ಟ ಹೋಗಿ ಅಲ್ಲೇ ಇರತೇನಿ ಅಂದ್ರ ನಾ ತಡೀತಿದ್ದಿಲ್ಲ. ಒಂದ ಮಾತು ಹೇಳಿ ಹೋಗಬೇಕಿತ್ತು."

ಚಾದರ ಯಾಕೆ ಬಂತೆಂದು ಭುವನಾಗೆ ಈಗ ತಿಳಿಯಿತು. ಅಳಬೇಕೋ ನಗಬೇಕೋ ಎನ್ನುವಷ್ಟು ವೇಳೆಯೂ ಇರಲಿಲ್ಲ. ಮಲ್ಲಿಕಸಾಬನೇ ಬಾಯಿ ಹಾಕಿದ.

"ಅವ್ವಾರ, ಅದು ಆ ಬೋರ್ಡಿಂಗ್ ಅಲ್ರಿ. ಇಮಾನ ಹತ್ತೂ ಚೀಟಿಗೆ ಹಂಗಂತಾರ. ಬಸ್ಸಿನ್ಯಾಗ ಕಂಡಕ್ಟರ್ ಹರದ ಕೊಡ್ತಾನಲ್ಲ, ಅದ. ಇಲ್ಲಿ ಕಂಡಕ್ಟರ್ ಇಲ್ಲ, ನಾವ ಹರಕೋಬೇಕು."

"ಬರೇ ಚೀಟಿ?"

"ಬರೇ ಚೀಟಿ."

"ಉಣ್ಣೂದು, ಇರೂದು ಏನೂ ಇಲ್ಲ ಅದರಾಗ?"

"ಈ ಇಮಾನದಾಗ ನೀರೂ ಪುಕ್ಕಟೆ ಕೊಡೂದಿಲ್ರಿ."

ನೀಲಗಂಗವ್ವ ಸ್ಟೂಲಿನ ಮೇಲೆ ಕೂತರು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಮತ್ತ ಆಧಾರಿನ ಸುದ್ದಿ ಏನ ಹೇಳಿದಿ ನೀನು?" ಎಂದರು ಸೊಸೆಗೆ, ಅಂಥ ದೊಡ್ಡ ಮಾತೊಂದು ಆಗಿಹೋದ ಮೇಲೆ ಚಿಲ್ಲರೆ ಮಾತಿಗೆ ಬಂದವರಂತೆ. ಅವಳು ಮತ್ತೆ ಹೇಳುವಷ್ಟರಲ್ಲಿ ಮಲ್ಲಿಕಸಾಬ, "ಒಂದ ಸೀಟ್ ಉಳದೈತಿ ಅಕ್ಕಾರ. ಹೇಳ್ರಿ ಲಗೂ," ಎಂದ.

ಅವನ ಎರಡು ಬೆರಳು ಅವಳ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಕುಟ್ಟಿದವು. ಕಾರ್ಡನ್ನು ಮೂರು ಸಲ ನೋಡಿದ. ಹಣ ಕಟ್ಟಲು ಅವಳು ಬ್ಯಾಂಕಿನ ಕಾರ್ಡು ಕೊಟ್ಟಳು. ಖಾತೆ ಗಂಡ ಹೆಂಡತಿ ಇಬ್ಬರದೂ. ಓಟಿಪಿ ಹೋಗುವುದು ಮಾತ್ರ ಅವನ ಫೋನಿಗೆ. ಪರದೆಯ ಮೂಲೆಯಲ್ಲಿ ಮೂರು ನಿಮಿಷದ ಗಡಿಯಾರವೊಂದು ಹಿಂದಕ್ಕೆ ಓಡತೊಡಗಿತು.

ರುದ್ರಮುನಿ ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದ. ಹಿಂದೆ ಹಮಾಲರು ಒದರುವುದು, ತಕ್ಕಡಿಯ ಸರಪಳಿಯ ಸದ್ದು, ಯಾರದೋ ಉದ್ದನೆಯ ಸೀನು.

"ಒಂದ ಓಟಿಪಿ ಬಂದೈತಿ ನೋಡ್ರಿ. ಲಗೂ ಹೇಳ್ರಿ."

"ಯಾಕ? ಟಿಕೆಟ್ ಕಳಿಸೇನಲ್ಲ."

"ಹೆಸರು ತಪ್ಪಾಗೇತಿ. ಇನ್ನೊಂದು ತಗಿಯಾಕತ್ತೇನಿ. ಆಮ್ಯಾಲ ಹೇಳ್ತೇನಿ, ನೀವು ಅಂಕಿ ಹೇಳ್ರಿ."

"ಏಳು," ಎಂದ ಅವನು. "ಸೊನ್ನಿ. ನಾಕು." ನಿಂತ. "ಹೆಸರು ಹೆಂಗ ತಪ್ಪಾಕ್ಕೈತಿ? ಆಧಾರ್ ಬದಲಿ ಆತು ಅಂದಿದ್ದಿ."

ಒಂದು ನಿಮಿಷ ನಲವತ್ತು ಸೆಕೆಂಡು. "ಆಗಿಲ್ರಿ. ನಾ ಮಾಡಿಸಿಲ್ಲ."

"ಮಾಡಿಸಿಲ್ಲ ಅಂದ್ರ?"

"ಹೆಬ್ಬಟ್ಟ ಕೊಡಲಿಲ್ಲ. ಎದ್ದ ಬಂದ್ನಿ."

ತಕ್ಕಡಿಯ ಸದ್ದು ದೂರವಾಯಿತು. ಅವನು ಅಂಗಡಿಯ ಹಿಂದಿನ ಕೋಣೆಗೆ ಹೋಗಿರಬೇಕು. "ಅಕ್ಕಿಯೊಳಗ ನಾನ ಬರದಿದ್ನಿ ಆ ಹೆಸರು," ಎಂದ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನಾಕ ವರ್ಷ ಆತು. ಒಂದಿನಾರ ಹೇಳಬೇಕಿತ್ತಲ್ಲ."

"ಹೇಳಬೇಕಿತ್ತು."

ಐವತ್ತು ಸೆಕೆಂಡು. ನಲವತ್ತೆಂಟು. ಮಲ್ಲಿಕಸಾಬ ಪರದೆಗೂ ಅವಳಿಗೂ ನಡುವೆ ಕತ್ತು ಆಡಿಸುತ್ತಿದ್ದ. ಹೊರಗೆ ಅಯಾಜ್ ಕಾರು ಬಂದ್ ಮಾಡಿರಲಿಲ್ಲ. ಅವಳಿಗೆ ಕೇಳುವ ಧೈರ್ಯ ಬರಲಿಲ್ಲ. ಉಳಿದ ಮೂರು ಅಂಕಿ ಅವನ ಅಂಗೈಯಲ್ಲಿದ್ದವು, ಕೊಡದಿರುವ ಹಕ್ಕೂ ಅವನಿಗಿದೆ ಎಂದು ಆ ಕ್ಷಣಕ್ಕೆ ಅನ್ನಿಸಿತು.

ಬಳೆಗಳ ಕೈಯೊಂದು ಹಿಂದಿನಿಂದ ಬಂದು ಫೋನು ಕಸಿಯಿತು.

"ಏ ರುದ್ರ್ಯಾ. ಜಗಳ ಮನಿಗೆ ಬಂದ ಮ್ಯಾಲ ಮಾಡುವಂತಿ, ನಾನೂ ಕುಂದರತೇನಿ ನಿನ್ನ ಜೋಡಿ. ಈಗ ಉಳದ ಮೂರ ಹೇಳು."

ಆಚೆಯಿಂದ ಏನೋ ಕೇಳಿಸಿತು. ನೀಲಗಂಗವ್ವ ಮಲ್ಲಿಕಸಾಬನ ಕಡೆ ತಿರುಗಿ, ಮಗ ಹೇಳಿದಂತೆ ಒಪ್ಪಿಸಿದರು: "ಎಂಟು. ಎಂಟು. ಒಂದು."

ಪರದೆಯ ಚಕ್ರ ಸುತ್ತಿ ಹಸಿರಾಯಿತು. ಫೋನು ಕೈಗೆ ಮರಳುವಷ್ಟರಲ್ಲಿ ರುದ್ರಮುನಿ ಇಟ್ಟುಬಿಟ್ಟಿದ್ದ.

ಚೆಕ್-ಇನ್ ಆಯಿತು. ಸೀಟು ಅವರೇ ಕೊಟ್ಟದ್ದು, ಹಿಂದಿನಿಂದ ಎರಡನೆಯ ಸಾಲು, ನಡುವಿನದು. ಪ್ರಿಂಟರು ನರಳುತ್ತ ಹಾಳೆ ಹೊರಗೆ ಹಾಕಿತು. ಮಲ್ಲಿಕಸಾಬ ಎರಡು ಪ್ರತಿ ತೆಗೆದ, ಒಂದು ಇರಲಿ ಎಂದು. "ಒಂದ ಇಮಾನದಾಗ ನೀವು ಇಬ್ಬರೂ ಹೊಂಟಂಗಾತು ನೋಡ್ರಿ ಅಕ್ಕಾರ," ಎಂದ. "ಭುವನಾ ಅವರ ಸೀಟ್ ಖಾಲಿ ಹೋಕ್ಕೈತಿ, ಅಷ್ಟ."

ನೀಲಗಂಗವ್ವ ಒಂದು ಪ್ರತಿಯನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುವಿ ನೋಡಿ, ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡರು.

ಹಾವೇರಿಯಿಂದ ಹುಬ್ಬಳ್ಳಿಗೆ ಅಯಾಜ್ ಜೋರಾಗಿ ಓಡಿಸಿದ. ಬಂಕಾಪುರದ ಟೋಲಿನಲ್ಲಿ ಸಾಲು; ಶಿಗ್ಗಾವಿಯ ಹತ್ತಿರ ರಸ್ತೆ ಅಗೆದಿದ್ದರು. ಭುವನಾ ಫೋನು ತೆರೆದಳು, ಮುಚ್ಚಿದಳು, ತೆರೆದಳು. ಗಂಡನ ಒಂದು ಸಂದೇಶ ಬಂತು. "ಮುಟ್ಟಿದ ಮ್ಯಾಲ ಫೋನ್ ಮಾಡು." ಮೊದಲೆಲ್ಲ ಅವನ ಸಂದೇಶ ಭುವಿ ಎಂದೇ ಶುರುವಾಗುತ್ತಿತ್ತು. ಇದರಲ್ಲಿ ಯಾವ ಹೆಸರೂ ಇರಲಿಲ್ಲ. ಅವಳು ಅದನ್ನು ಟೋಲಿನಿಂದ ಶಿಗ್ಗಾವಿಯ ತನಕ ಓದಿದಳು.

"ಸುಚಿತ್ರಾ," ಎಂದರು ನೀಲಗಂಗವ್ವ ಒಮ್ಮೆಲೆ, ಕಿಟಕಿಯ ಕಡೆ ನೋಡುತ್ತ. ಕರೆದದ್ದಲ್ಲ, ಬಾಯಲ್ಲಿ ಹಾಕಿಕೊಂಡು ನೋಡಿದ್ದು. "ಕಡೀಕ ನಾಲಗಿ ತೊಡರತೈತಿ. ಅದಕ್ಕ ಬದಲಿ ಮಾಡಿದ್ದು ಕಾಣತೈತಿ."

"ಇರಬಹುದ್ರಿ."

"ನಾ ಮನ್ಯಾಗ ಭುವನಾ ಅಂತನ ಕರ್ಯಾಕಿ. ಈಗ ಬ್ಯಾರೆ ರೂಢಿ ಆಗೂದಿಲ್ಲ ನನಗ."

"ಕರೀರಿ ಅತ್ತಿ."

"ಸುಳ್ಳ ಹೇಳಿದ್ದು ಚೊಲೊ ಮಾಡಲಿಲ್ಲ ನೀನು."

"ಹೌದ್ರಿ."

ಅವಳ ಕಾಲು ಮತ್ತೆ ಅಲ್ಲಾಡತೊಡಗಿತ್ತು. ಈ ಸಲ ಅತ್ತೆ ಒಮ್ಮೆ ನೋಡಿದರು, ಅಷ್ಟೆ. ಚೀಲದಿಂದ ಖಾರದ ಪುಡಿಯ ಡಬ್ಬಿ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಚಾದರವನ್ನೂ.

ಹತ್ತೂ ಮೂವತ್ತಕ್ಕೆ ವಿಮಾನ ನಿಲ್ದಾಣ. ಬಾಗಿಲಲ್ಲಿ ಬಂದೂಕಿನ ಜವಾನ, ಉತ್ತರ ಭಾರತದವನು, ಕ್ಷೌರ ಮಾಡಿದ ಹಸಿರು ಗದ್ದ. ಅವಳ ಮುಂದೆ ನಾಲ್ಕು ಜನ. ಅತ್ತೆ ಕಂಬಿಯ ಆಚೆ ನಿಂತರು. ನಡುವೆ ಎರಡು ಮಾರು ಅಂತರ. ಮೂರು ಜನ. ಕಾರ್ಡು ಒಂದು ಕೈಯಲ್ಲಿ, ಹಾಳೆ ಇನ್ನೊಂದರಲ್ಲಿ. ಎರಡೂ ಬೆವರಿಗೆ ಮೆತ್ತಗಾಗಿದ್ದವು. ಒಬ್ಬ.

ಜವಾನ ಹಾಳೆ ನೋಡಿದ. ಕಾರ್ಡು ನೋಡಿದ. ಕಾರ್ಡಿನ ಫೋಟೊದಲ್ಲಿ ಎರಡು ಜಡೆಯ ಹುಡುಗಿ. ಅವಳನ್ನೂ ಇವಳನ್ನೂ ಹೊಂದಿಸಿ ನೋಡಿದ.

"ನಾಮ್?" ಎಂದ.

"ಭುವನಾ," ಎಂದಳು ಅವಳು.

ಅಂದ ಮೇಲೆ ಅವಳ ಕಿವಿಗೆ ಅದು ಕೇಳಿಸಿತು. ಐದು ವರ್ಷ ಯಾರು ಕೇಳಿದರೂ ಕೊಟ್ಟ ಉತ್ತರ. ನಾಲಗೆ ಅವಳನ್ನು ಕೇಳಿರಲಿಲ್ಲ. ಜವಾನನ ಹುಬ್ಬು ಏರಿತು. ಅವನು ಮತ್ತೊಮ್ಮೆ ಹಾಳೆ ನೋಡಿದ, ಬೆರಳನ್ನು ಹೆಸರಿನ ಮೇಲೆ ಇಟ್ಟ. ಹಿಂದೆ ನಿಂತವರು ಚಕ್ರದ ಪೆಟ್ಟಿಗೆ ನಿಲ್ಲಿಸಿದರು. ಕಾರ್ಡಿನ ಹೆಸರನ್ನು ಈಗ ಹೇಳಿದರೆ ಕದ್ದ ಹೆಸರಿನ ಹಾಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಸುಚಿತ್ರಾ," ಎಂದು ಕಂಬಿಯ ಆಚೆ ಯಾರೋ ಕೂಗಿದರು. ಕಡೆಯ ಅಕ್ಷರದಲ್ಲಿ ನಾಲಗೆ ತೊಡರಿತ್ತು. "ಏ ಸುಚಿತ್ರಾ, ರೊಟ್ಟಿ ಗಂಟು ಇಲ್ಲೇ ಉಳೀತ ನೋಡವಾ."

ಯೋಚಿಸುವ ಮೊದಲೇ ಅವಳ ಕತ್ತು ತಿರುಗಿತು.

ನೀಲಗಂಗವ್ವ ಕಂಬಿಯ ಮೇಲಿನಿಂದ ಗಂಟು ಚಾಚಿ ನಿಂತಿದ್ದರು, ಇನ್ನೊಂದು ಕಂಕುಳಲ್ಲಿ ಚಾದರ. ಜವಾನ ಮುದುಕಿಯನ್ನು ನೋಡಿದ, ತಿರುಗಿ ನಿಂತ ಇವಳನ್ನು ನೋಡಿದ. ಗಂಟು ಕೈಯಿಂದ ಕೈಗೆ ಬರುವ ತನಕ ಕಾದ. ಆಮೇಲೆ ಕಾರ್ಡನ್ನೂ ಹಾಳೆಯನ್ನೂ ಅವಳ ಕೈಗಿಟ್ಟು, ಒಳಗೆ ಹೋಗು ಎಂದು ಗದ್ದ ಆಡಿಸಿದ.